ಫೋಟೋ ಉಂಟು, ಮೂರ್ತಿ ಉಂಟು, ಹೆಸರು ಮಾತ್ರ ನಾಪತ್ತೆ!

ಕನ್ನಡದ ಯುವಕ ಯುವತಿಯರೇ,

ನಿಮಗೊಂದು ಪರೀಕ್ಷೆ. ಬರೆಯಬೇಕಾಗಿಲ್ಲ, ನೋಡಿ ಹೇಳಿದರೆ ಸಾಕು. ಮೇಜಿನ ಮೇಲೆ ನಾಲ್ಕು ಗೊಮ್ಮಟರ ಫೋಟೋ ಇಡುತ್ತೇನೆ. ಇದರಲ್ಲಿ ಶ್ರವಣಬೆಳಗೊಳ ಯಾವುದು? ಕಾರ್ಕಳ ಯಾವುದು? ವೇಣೂರು ಯಾವುದು? ಧರ್ಮಸ್ಥಳ ಯಾವುದು?

ಯಾಕೆ, ಬಾಯಿ ಕಟ್ಟಿತೇ? ಬಂದರಿನ ನನ್ನ ಪ್ರೆಸ್ಸಿಗೆ ಕ್ಯಾಲೆಂಡರು, ಸ್ಮರಣ ಸಂಚಿಕೆ, ರಾಜ್ಯೋತ್ಸವದ ಆಮಂತ್ರಣ ಅಂತ ಮ್ಯಾಟರ್ ತರುವವರು ದಿನಾ ಬರುತ್ತಾರೆ. ಗೊಮ್ಮಟ ಯಾವುದೇ ಇರಲಿ, ಅಡಿಬರಹ ಒಂದೇ: ಶ್ರವಣಬೆಳಗೊಳ! ನಮ್ಮದೇ ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟನನ್ನು ಒಂದೇ ಏಟಿಗೆ ಘಟ್ಟ ಹತ್ತಿಸಿ ಹಾಸನ ಜಿಲ್ಲೆಗೆ ಸಾಗಿಸಿಬಿಡುತ್ತಾರೆ. ಕೇಳಿದರೆ, "ಫೋನಿನಲ್ಲಿ ಹಾಗೇ ಬಂತು ಸಾರ್" ಎಂಬ ಉತ್ತರ. ಎಲ್ಲಿಂದಲೋ ಬಂದ ಫೋನು ನಮ್ಮ ಊರಿನ ಮೂರ್ತಿಗೆ ನಾಮಕರಣ ಮಾಡಬೇಕೇ?

ಕಣ್ಣು ಬಿಟ್ಟು ನೋಡಿದರೆ ಗುರುತು ಸಿಗುತ್ತದೆ ಮಾರಾಯ್ರೇ. ತೊಡೆಯವರೆಗೆ ಹುತ್ತ, ಹುತ್ತದಿಂದ ತಲೆ ಹೊರಹಾಕಿದ ಹಾವು, ಅಲ್ಲಿಂದ ಮೇಲಕ್ಕೆ ಬೆನ್ನಿಗೆ ಯಾವ ಆಸರೆಯೂ ಇಲ್ಲದೆ ನಿಂತ 58 ಅಡಿಯ ಮೂರ್ತಿ ಶ್ರವಣಬೆಳಗೊಳದ್ದು. ಎದುರಿಗೆ ಎತ್ತರದ ಬ್ರಹ್ಮದೇವರ ಕಂಬ ಕಂಡಿತೋ, ಅದು ಕಾರ್ಕಳ. ಆ 42 ಅಡಿಯ ಮೂರ್ತಿಯನ್ನು 1432ರಲ್ಲಿ, ಕಂಬವನ್ನು 1436ರಲ್ಲಿ ನಿಲ್ಲಿಸಿದವನು ವೀರಪಾಂಡ್ಯ. ಕೆನ್ನೆಯಲ್ಲಿ ಗುಳಿ ಬಿದ್ದ ನಗುಮುಖವಿದ್ದರೆ ಅದು ವೇಣೂರು. 1604ರಲ್ಲಿ ತಿಮ್ಮಣ್ಣ ಅಜಿಲ ಫಲ್ಗುಣಿಯ ದಡದಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟ. ಇನ್ನು ಧರ್ಮಸ್ಥಳದ 39 ಅಡಿಯ ಗೊಮ್ಮಟ ನಮ್ಮ ಕಾಲದ್ದೇ. ಕಾರ್ಕಳದ ಬಳಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಕೈಯಲ್ಲಿ ಅರಳಿ, 1982ರಲ್ಲಿ ಪ್ರತಿಷ್ಠೆಯಾದದ್ದು. ಮಹಾಮಸ್ತಕಾಭಿಷೇಕಕ್ಕೆ ಹೋಗಿ ಸೆಲ್ಫಿ ತೆಗೆದ ಎಷ್ಟು ಮಂದಿಗೆ ಈ ಶಿಲ್ಪಿಯ ಹೆಸರು ಗೊತ್ತು?

ಸಾವಿರ ವರ್ಷದ ಹಿಂದೆಯೇ ಬೋರ್ಡು ಇತ್ತು!

ಮೂರ್ತಿಗೆ ಹೆಸರು ಬರೆಯುವುದು ಇವತ್ತಿನ ಫ್ಯಾಷನ್ ಅಲ್ಲ. ಬಂದರಿನಿಂದ ಕದ್ರಿಗೆ ಎಷ್ಟು ದೂರ? ಅಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಮೂರ್ತಿ ಇದೆ. ಮುಖ ಎಣಿಸಿ ಬ್ರಹ್ಮ ಎಂದು ಬರೆಯುವವರಿದ್ದಾರೆ. ಪೀಠ ನೋಡಿ ಸ್ವಾಮೀ! ಆಳುಪ ದೊರೆ ಕುಂದವರ್ಮ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎಂದು ಕಾಲಸಮೇತ ಕೆತ್ತಿದ್ದಾರೆ. ನಮ್ಮ ಲೆಕ್ಕಕ್ಕೆ ಅದು ಕ್ರಿ.ಶ. 968. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಕಾಲ ಬುಡದಲ್ಲೇ ಮಾಡಿಸಿದ ಚಾವುಂಡರಾಯನ ಹೆಸರು ಕನ್ನಡದಲ್ಲಿದೆ, ಅಲ್ಲೇ ತಮಿಳು ಮತ್ತು ಮರಾಠಿಯಲ್ಲೂ ಇದೆ. ಬೇಲೂರಿಗೆ ಹೋಗಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಸಹಿ ಹಾಕಿದ್ದಾನೆ.

ಅಚ್ಚುಮೊಳೆ ಇಲ್ಲದ ಕಾಲದಲ್ಲಿ ಉಳಿ ಹಿಡಿದವನು ತನ್ನ ಹೆಸರು ಬರೆದ. ಆಳುವವರು ಅದಕ್ಕೆ ಅಡ್ಡ ಬರಲಿಲ್ಲ. ಈಗಿನ ಉದ್ಘಾಟನೆಯ ಕಲ್ಲು ಓದಿ ನೋಡಿ. ಮಂತ್ರಿ, ಶಾಸಕ, ಅಧ್ಯಕ್ಷ, ಉಪಾಧ್ಯಕ್ಷ, ಘನ ಉಪಸ್ಥಿತಿ, ಕೊನೆಗೆ ಗುತ್ತಿಗೆದಾರ! ಶಿಲ್ಪಿ ಎಲ್ಲಿ? ಮೂರ್ತಿಯ ಕಥೆ ಎಲ್ಲಿ? ಮೂರ್ತಿ ನಿಂತದ್ದು ಪುಢಾರಿಗಳ ಹೆಸರು ಹೊರುವುದಕ್ಕೋ?

ಬಾವುಟಗುಡ್ಡವೋ, ಲೈಟ್‌ಹೌಸ್ ಹಿಲ್ಲೋ?

1837ರಲ್ಲಿ ಸುಳ್ಯ, ಪುತ್ತೂರು ಕಡೆಯ ರೈತರು ಕಂಪೆನಿ ಸರಕಾರದ ವಿರುದ್ಧ ದಂಡೆತ್ತಿ ಮಂಗಳೂರಿಗೆ ಬಂದರು. ಏಪ್ರಿಲ್ 5ರಂದು ಬ್ರಿಟಿಷರ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರ ನವೆಂಬರ್ 19ರಂದು ಅದೇ ಗುಡ್ಡದಲ್ಲಿ ಅನಾವರಣಗೊಂಡಿತು. ರಾಮಯ್ಯ ಗೌಡರು ಹೋರಾಡಿದ ಕಾಲಕ್ಕೆ ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಮುಖ ನೋಡಿ ಗುರುತು ಹಿಡಿಯುವಂತಿಲ್ಲ. ಜಾಗ ಮತ್ತು ಹೆಸರು, ಇವೆರಡೇ ಗುರುತು.

ಈಗ ಅದರ ಫೋಟೋ ಹಾಕುವವರು ಕೆಳಗೆ ಏನು ಬರೆಯುತ್ತಾರೆ? ‘ಲೈಟ್‌ಹೌಸ್ ಹಿಲ್, ಟಾಗೋರ್ ಪಾರ್ಕ್.’ ಬಾವುಟ ಎಲ್ಲಿ ಹೋಯಿತು? ರೈತರು ಪ್ರಾಣ ಒತ್ತೆಯಿಟ್ಟು ಏರಿಸಿದ ಬಾವುಟವನ್ನು ನಾವು ಒಂದು ಅಡಿಬರಹದಲ್ಲಿ ಇಳಿಸಿಬಿಟ್ಟೆವಲ್ಲ! ‘ಬಾವುಟಗುಡ್ಡ’ ಎಂದು ಬರೆದರೆ ಅರ್ಧ ಚರಿತ್ರೆ ಬರೆದ ಹಾಗೆ. ಹೊಳೆ ದಾಟಿದರೆ ಉಳ್ಳಾಲದಲ್ಲಿ ರಾಣಿ ಅಬ್ಬಕ್ಕ. ಪೋರ್ಚುಗೀಸರನ್ನು ಎದುರಿಸಿದ ಆಕೆಯ ಮುಖ ಕಂಡವರು ಯಾರೂ ಇಲ್ಲ. ಅಲ್ಲಿಯೂ ಹೆಸರೇ ಜೀವ.

ಕಂಚೋ, ಫೈಬರೋ?

ಹೆಸರು ಒಂದೇ ಸಾಲದು, ಲೋಹವನ್ನೂ ಬರೆಯಬೇಕು. ಯಾಕೆಂದರೆ ಫೋಟೋದಲ್ಲಿ ಬಣ್ಣ ಬಳಿದ ಫೈಬರ್ ಕೂಡ ಕಂಚಿನ ಹಾಗೆ ಹೊಳೆಯುತ್ತದೆ. ಕಾರ್ಕಳದ ಬೈಲೂರಿನ ಉಮಿಕಲ್ ಗುಡ್ಡದಲ್ಲಿ 2023ರ ಜನವರಿಯಲ್ಲಿ 33 ಅಡಿಯ ಪರಶುರಾಮನ ಮೂರ್ತಿ ಉದ್ಘಾಟನೆಯಾಯಿತು. ಕಂಚು ಎಂದು ಪತ್ರಿಕೆಗಳಲ್ಲಿ ಬಂತು. ಕಂಚೇ ಅಲ್ಲ ಎಂಬ ಕೂಗೆದ್ದು, ಅದೇ ವರ್ಷ ಮೂರ್ತಿಯ ಮೇಲರ್ಧ ಕಾಣೆಯಾಯಿತು. ಪ್ರಕರಣ ಪೊಲೀಸು, ಕೋರ್ಟು ಮೆಟ್ಟಿಲು ಹತ್ತಿತು. ತಪ್ಪು ಯಾರದ್ದೆಂದು ಕೋರ್ಟು ಹೇಳಲಿ. ನನ್ನ ಪ್ರಶ್ನೆ ಬೇರೆ. ಯಾವ ಲೋಹ, ಎಷ್ಟು ತೂಕ, ಯಾರು ಮಾಡಿದ್ದು, ಎಷ್ಟು ಖರ್ಚು ಎಂದು ಮೊದಲ ದಿನವೇ ಪೀಠದ ಮೇಲೆ ಕನ್ನಡದಲ್ಲಿ ಕೆತ್ತಿದ್ದರೆ ಈ ರಾದ್ಧಾಂತ ಬರುತ್ತಿತ್ತೇ? ಜನರ ದುಡ್ಡಿಗೆ ಜನರ ಭಾಷೆಯಲ್ಲಿ ಲೆಕ್ಕ ಬೇಡವೇ?

ಹೋರಾಟಗಾರರಿಗೂ ಒಂದು ಮಾತು

ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕು ಹೊದ್ದು ಕೂತಿತ್ತು. ಕೊನೆಗೆ 2009ರ ಆಗಸ್ಟ್ 9ರಂದು ಮುಸುಕು ತೆಗೆದರು. ಅದಕ್ಕೆ ಸಾಟಿಯಾಗಿ 13ರಂದು ಚೆನ್ನೈಯ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಎದ್ದಿತು. ಬೇಡ ಎಂದು ಬೀದಿಗಿಳಿದವರು, ಬೇಕು ಎಂದು ಹೇಳಿಕೆ ಕೊಟ್ಟವರು ಲೆಕ್ಕವಿಲ್ಲದಷ್ಟು. ಇವತ್ತು ಚೆನ್ನೈಯ ಸರ್ವಜ್ಞನ ಫೋಟೋ ಮುಂದಿಟ್ಟರೆ ಅವರಲ್ಲಿ ಎಷ್ಟು ಮಂದಿ ಗುರುತಿಸುತ್ತಾರೆ? ಪ್ರತಿಮೆಗಾಗಿ ಗಂಟಲು ಹರಿದುಕೊಳ್ಳುವುದು ಸುಲಭ. ಗುರುತಿಟ್ಟುಕೊಳ್ಳುವುದೇ ಕಷ್ಟದ ಕೆಲಸ.

ಹಿಂದಿನ ಬೋರ್ಡು ನೋಡಿ

ಊರೂರಲ್ಲಿ ಗಾಂಧಿ ಇದ್ದಾರೆ. ಅದೇ ಕೋಲು, ಅದೇ ಕನ್ನಡಕ. ಫೋಟೋ ನೋಡಿ ಯಾವ ಊರಿನ ಗಾಂಧಿ ಎಂದು ಹೇಳುವುದು ಹೇಗೆ? ಹಿಂದೆ ಕಾಣುವ ಅಂಗಡಿ ಬೋರ್ಡಿನಿಂದ! ಅಲ್ಲಿ ಕನ್ನಡವಿದ್ದರೆ ಅದು ಕರ್ನಾಟಕ, ಊರಿನ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ಬರೀ ಇಂಗ್ಲಿಷ್ ಇದ್ದರೆ ಆ ಗಾಂಧಿ ಮುಂಬಯಿಯವರೂ ಆಗಬಹುದು, ದೆಹಲಿಯವರೂ ಆಗಬಹುದು. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನು ತಿದ್ದಿದರು. ಚಪ್ಪಲಿ ಅಂಗಡಿಗೆ ಕಾನೂನು ಹೇಳುವ ಸರಕಾರ ತಾನೇ ನಿಲ್ಲಿಸಿದ ಮೂರ್ತಿಯ ಪೀಠವನ್ನು ಮೊದಲು ನೋಡಿಕೊಳ್ಳಲಿ.

ನಮ್ಮ ಬಂದರಿನಲ್ಲಿ ಒಬ್ಬ ಬ್ಯಾರಿ ಮಾತಾಡುತ್ತಾನೆ, ಒಬ್ಬ ತುಳು, ಇನ್ನೊಬ್ಬ ಕೊಂಕಣಿ. ಮೂವರೂ ನಿಂತು ಓದುವ ಅಕ್ಷರ ಕನ್ನಡ. ಆ ಅಕ್ಷರ ಪೀಠದ ಮೇಲಿದ್ದರೆ ಮೂರ್ತಿ ಮೂವರದ್ದೂ ಆಗುತ್ತದೆ.

ಮಾಡಬೇಕಾದದ್ದು ಇಷ್ಟೇ

ಮಹಾನಗರ ಪಾಲಿಕೆಗೆ ನಮ್ಮ ಒತ್ತಾಯ: ಊರಿನ ಪ್ರತಿಯೊಂದು ಸಾರ್ವಜನಿಕ ಮೂರ್ತಿಗೂ ಕನ್ನಡದ ಫಲಕ ಹಾಕಿ. ಯಾರ ಮೂರ್ತಿ, ಯಾಕೆ ಇಲ್ಲಿ, ಯಾವ ವರ್ಷ, ಯಾವ ಲೋಹ ಅಥವಾ ಕಲ್ಲು, ಖರ್ಚು ಎಷ್ಟು, ಶಿಲ್ಪಿ ಯಾರು. ಈ ಆರು ಸಾಲು ಸಾಕು. ಮಂತ್ರಿಗಳ ಹೆಸರಿಗೆ ಜಾಗ ಉಳಿದರೆ ಆಮೇಲೆ ನೋಡೋಣ. ಫೋಟೋ ಸಮೇತ ಇಡೀ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ.

ಯುವಕರೇ, ಪಾಲಿಕೆ ಏಳುವ ತನಕ ಕಾಯಬೇಡಿ! ಪ್ರತಿ ಮೂರ್ತಿಗೂ ಮೂರು ಫೋಟೋ ತೆಗೆಯಿರಿ. ಒಂದು ಪೂರ್ತಿ ಮೂರ್ತಿಯದ್ದು, ಒಂದು ಪೀಠದ್ದು, ಒಂದು ಹಿಂದಿನ ರಸ್ತೆ, ಬೋರ್ಡು ಕಾಣುವಂಥದ್ದು. ಕೆಳಗೆ ಊರಿನ ಕನ್ನಡ ಹೆಸರು ಬರೆಯಿರಿ. ತಿಳಿಯದಿದ್ದರೆ ಫೋನನ್ನು ಕೇಳಬೇಡಿ, ಆ ಬೀದಿಯ ಹಿರಿಯರನ್ನು ಕೇಳಿ. ಬರುವ ನವೆಂಬರ್ 1ರೊಳಗೆ ಪಟ್ಟಿ ತನ್ನಿ. ಕಾಗದ ನೀವು ತನ್ನಿ, ಅಚ್ಚಿನ ಕೂಲಿ ನನಗೆ ಬೇಡ.

ಹೆಸರು ಹೇಳಲು ಬಾರದವನು ಹಕ್ಕು ಕೇಳಿದರೆ ಯಾರೂ ಕೊಡುವುದಿಲ್ಲ. ಮೊದಲು ಹೆಸರು ಹೇಳೋಣ, ಗಟ್ಟಿಯಾಗಿ, ಕನ್ನಡದಲ್ಲಿ!