ಹಾಲಿನ ಕ್ಯಾನಿನ ಒಳಮೈಗೂ ಬೆಲೆ ಕಟ್ಟೋಣ

ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿ ಡೇರಿಗಳಲ್ಲಿ ಸಂಗ್ರಹವಾಗುವ ಹಾಲು ಗೆಜ್ಜಲಗೆರೆಯ ಒಕ್ಕೂಟ ತಲುಪುವ ಹೊತ್ತಿಗೆ ಹಲವು ಕ್ಯಾನು, ಪೈಪು, ತೊಟ್ಟಿಗಳನ್ನು ಮುಟ್ಟಿರುತ್ತದೆ. ಸರಿಯಾಗಿ ಉಜ್ಜದ ಕಡೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಎಂಬ ಈ ಪದರದೊಳಕ್ಕೆ ಸೋಂಕುನಿವಾರಕ ಸುಲಭವಾಗಿ ಇಳಿಯದು. ವಂಶವಾಹಿಯ ಪುಟ್ಟ ಬದಲಾವಣೆಯೂ ಪದರ ಕಟ್ಟುವ ಶಕ್ತಿಯನ್ನು ಹೆಚ್ಚಿಸಬಲ್ಲದು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸಿಎಸ್‌ಜಿಡಿ ಜೀನ್ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಪದರದ ನಾರು, ಸೆಲ್ಯುಲೋಸ್ ತಯಾರಾಗುವಂತೆ ಮಾಡುತ್ತದೆ; ಅದರ ನಿಯಂತ್ರಕ ಭಾಗದಲ್ಲಿ ಡಿಎನ್‌ಎಯ ಒಂದೇ ಅಕ್ಷರ ಬದಲಾದರೂ 37 ಡಿಗ್ರಿಯಲ್ಲಿ ಪದರ ಬೆಳೆಯಬಹುದು. ಎಲ್ಲ ರೂಪಾಂತರಗಳೂ ಹೀಗಿಲ್ಲ. ಆಫ್ರಿಕಾದಲ್ಲಿ ರಕ್ತದ ಸೋಂಕು ತರುವ ಸಾಲ್ಮೊನೆಲ್ಲಾದ ಎಸ್‌ಟಿ313 ಗುಂಪಿನ ಪ್ರಮುಖ ತಳಿ ಪದರ ಕಟ್ಟುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿದೆ, ಆದರೂ ಮಾರಕವಾಗಿದೆ. ಯಾವ ರೂಪಾಂತರ ಯಾವಾಗ ಹುಟ್ಟೀತೆಂದು ಹೇಳಲಾಗದು. ಆದರೆ ಬ್ಯಾಕ್ಟೀರಿಯಾಗಳ ಸಂಖ್ಯೆ ತಗ್ಗಿದಷ್ಟೂ ಅಂಥ ಅವಕಾಶ ತಗ್ಗುತ್ತದೆ.

ಹಾಲನ್ನು ಕಾಯಿಸಿಯೇ ಕುಡಿಯುತ್ತೇವಲ್ಲ ಎಂಬ ವಾದವುಂಟು. ಕಾಯಿಸಿದರೆ ಸಾಲ್ಮೊನೆಲ್ಲಾ ಸಾಯುವುದು ನಿಜ. ಆದರೆ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು ಕುದಿಯನ್ನೂ ತಾಳಬಲ್ಲವು. ಪಾಶ್ಚರೀಕರಣವಾದ ಹಾಲೂ ಕೊಳಕು ಪೈಪಿನಲ್ಲಿ ಮತ್ತೆ ಕೆಡುತ್ತದೆ. ಬಿಸಿನೀರು, ಕ್ಷಾರದ್ರಾವಣ, ಬ್ರಷ್ಷುಗಳ ಖರ್ಚು ಸಣ್ಣ ಡೇರಿಗೆ ಭಾರವೆಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಆ ಭಾರ ಉತ್ಪಾದಕರ ಮೇಲಷ್ಟೇ ಬೀಳಬಾರದು. ಜಿಡ್ಡಿನಂಶ ನೋಡಿ ದರ ಕೊಡುವಂತೆ ಸೂಕ್ಷ್ಮಾಣು ಕಡಿಮೆಯಿರುವ ಹಾಲಿಗೂ ಎಲ್ಲೆಡೆ ಹೆಚ್ಚುವರಿ ದರ ಸಿಗಲಿ. ಮೊದಲು ಉಜ್ಜಿ ಪದರ ಕೀಳುವುದು, ಆಮೇಲೆ ಸೋಂಕುನಿವಾರಕ ಹಾಕುವುದು: ಈ ಕ್ರಮವನ್ನು ಪ್ರತಿ ಡೇರಿಯಲ್ಲೂ ಕಲಿಸಿ, ಪಾಲಿಸುವವರಿಗೆ ತಕ್ಕ ಕೂಲಿ ಕೊಡಬೇಕು.