ಬಿದ್ದ ಕಟ್ಟಡಕ್ಕೆ ಹೊಣೆ ಯಾರು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಕಟ್ಟಿಸುವವನ ಕಷ್ಟವನ್ನು ಈ ಗಾದೆ ಹೇಳುತ್ತದೆ. ಕಟ್ಟಿದ್ದು ಬಿದ್ದರೆ ಆ ಕಷ್ಟ ಯಾರದೆಂಬುದನ್ನು ಹೇಳುವುದಿಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟಿಸಿದವನೇ ಅದರಲ್ಲಿ ವಾಸಿಸುತ್ತಿದ್ದನಾದ್ದರಿಂದ ಆ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲವೇನೋ. ಇಂದು ಕಟ್ಟಿಸುವವನೊಬ್ಬ, ಕಟ್ಟುವವನೊಬ್ಬ, ಕೊಳ್ಳುವವನೊಬ್ಬ, ಬಾಡಿಗೆಗೆ ಇರುವವನು ಮತ್ತೊಬ್ಬ. ಕಟ್ಟುತ್ತಿರುವಾಗಲೇ ಬಿದ್ದರೆ ಸಾಯುವವನು ಇವರಲ್ಲಿ ಯಾರೂ ಅಲ್ಲದ, ಗಾರೆ ಹೊರುವ ಕೂಲಿಯವನು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಸಿವಿಲ್ ಇಂಜಿನಿಯರುಗಳಾಗಿದ್ದಾರೆ, ಕೆಲವರು ವಕೀಲರಾಗಿದ್ದಾರೆ. ಬಂಧುಗಳಲ್ಲಿ ನಿವೃತ್ತಿಯ ಹಣದಿಂದ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಯಿಂದ ಜೀವನ ಸಾಗಿಸುವವರೂ ಇದ್ದಾರೆ. ಇತ್ತೀಚೆಗೆ ಮನೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ಕೇಳಿದ: "ಸಾರ್, ಮೂರು ಮಹಡಿಯ ನಕ್ಷೆಗೆ ನಾನು ಸಹಿ ಹಾಕಿರುತ್ತೇನೆ. ಮಾಲೀಕ ಐದು ಕಟ್ಟಿಸುತ್ತಾನೆ. ನಾಳೆ ಏನಾದರೂ ಆದರೆ ನಾನು ಹೊಣೆಯೇ?" ನಾನು ಕಾನೂನು ಓದಿದವನಲ್ಲ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನೂ ನನ್ನ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಹಿರಿಯರಿಗೆ ಕಟ್ಟಡ ಕುಸಿತವೆಂದೊಡನೆ ನೆನಪಾಗುವುದು ಗಂಗಾರಾಂ ಕಟ್ಟಡ. ೧೯೮೩ರ ಸೆಪ್ಟೆಂಬರ್ ೧೨ರಂದು ಕಪಾಲಿ ಚಿತ್ರಮಂದಿರದ ಬಳಿ ನಿರ್ಮಾಣ ಹಂತದಲ್ಲಿದ್ದ ಆ ಏಳು ಅಂತಸ್ತಿನ ಕಟ್ಟಡ ಕುಸಿದು ೧೨೩ ಮಂದಿ ಮೃತಪಟ್ಟರು. ಮರುದಿನ ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಬೇರಾವ ಮಾತೂ ಇರಲಿಲ್ಲ. ಇನ್ನು ಮುಂದೆ ಹೀಗಾಗಲು ಬಿಡಲಾರರು ಎಂದೇ ಎಲ್ಲರೂ ಭಾವಿಸಿದ್ದೆವು.

೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಪೂರ್ಣಗೊಳ್ಳದ ವಾಣಿಜ್ಯ ಸಂಕೀರ್ಣವೊಂದು ಕುಸಿದು ೧೯ ಜನ ಪ್ರಾಣ ಕಳೆದುಕೊಂಡರು. ಮೇಲಿನ ಮಹಡಿಗಳ ಕೆಲಸ ನಡೆಯುತ್ತಿರುವಾಗಲೇ ಕೆಳಗಿನ ಅಂಗಡಿಗಳು ತೆರೆದಿದ್ದವು. ೨೦೨೪ರ ಅಕ್ಟೋಬರ್ ೨೨ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ, ಸುರಿಯುವ ಮಳೆಯಲ್ಲಿ, ನಿರ್ಮಾಣದಲ್ಲಿದ್ದ ಬಹುಮಹಡಿ ಕಟ್ಟಡ ಬಿದ್ದು ಒಂಬತ್ತು ಮಂದಿ ಸತ್ತರು. ಅನುಮತಿಗಿಂತ ಹೆಚ್ಚು ಮಹಡಿಗಳನ್ನು ಕಟ್ಟಲಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ನಮ್ಮ ಪಶ್ಚಿಮ ಬೆಂಗಳೂರೂ ಇದಕ್ಕೆ ಹೊರತಲ್ಲ. ೨೦೨೧ರ ಅಕ್ಟೋಬರಿನ ಮಳೆಗೆ ಬಸವೇಶ್ವರನಗರಕ್ಕೆ ಹತ್ತಿರದ ಕಮಲಾನಗರದಲ್ಲಿ ಬಹುಮಹಡಿ ಕಟ್ಟಡವೊಂದು ವಾಲಿ, ಅದನ್ನು ಕೆಡವಬೇಕಾಯಿತು. ಮುಂಚಿತವಾಗಿ ಜನರನ್ನು ಹೊರಗೆ ಕಳಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ.

ಪ್ರತಿ ಸಲವೂ ಕ್ರಮ ಒಂದೇ. ಮಾಲೀಕನ ಅಥವಾ ಗುತ್ತಿಗೆದಾರನ ಬಂಧನ, ಕೆಲವು ಅಧಿಕಾರಿಗಳ ಅಮಾನತು, ಪರಿಹಾರದ ಘೋಷಣೆ, ಅನಧಿಕೃತ ಕಟ್ಟಡಗಳ ಸಮೀಕ್ಷೆಯ ಆಜ್ಞೆ. ಊರು ಕೊಳ್ಳೆಹೊಡೆದ ಮೇಲೆ ಕೋಟೆಬಾಗಿಲು ಹಾಕಿದಂತೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಮೊದಲಿಗೆ ಅಪರಾಧ ಕಾನೂನು. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಹಳೆಯ ಭಾರತೀಯ ದಂಡ ಸಂಹಿತೆಯ ೩೦೪-ಎ ಕಲಮಿನಂತೆ ಗರಿಷ್ಠ ಶಿಕ್ಷೆ ಎರಡು ವರ್ಷ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮು ಇದನ್ನು ಐದು ವರ್ಷಕ್ಕೆ ಏರಿಸಿದೆ. ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂಬ ಅರಿವಿದ್ದೂ ಆ ಕೃತ್ಯ ಎಸಗಿದ್ದರೆ ಅದು ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ನರಹತ್ಯೆ. ಅದಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸ. ಈ ಎರಡರ ನಡುವಣ ಅಂತರವೆಲ್ಲ 'ಅರಿವು' ಎಂಬ ಒಂದು ಪದದಲ್ಲಿದೆ. ಮೂರು ಮಹಡಿಗೆ ಲೆಕ್ಕ ಹಾಕಿದ ಅಡಿಪಾಯದ ಮೇಲೆ, ನೋಟಿಸು ಬಂದ ಮೇಲೂ, ಐದನೆಯ ಮಹಡಿಯ ತಾರಸಿ ಹಾಕಿಸುವವನಿಗೆ ಅರಿವಿರಲಿಲ್ಲವೆಂದು ಹೇಗೆ ಹೇಳುವುದು? ಮಂಜೂರಾದ ನಕ್ಷೆ ಮತ್ತು ಕೊಟ್ಟ ನೋಟಿಸು, ಇವೆರಡೇ ಆ ಅರಿವಿಗೆ ಬರಹದ ಸಾಕ್ಷಿಯೆಂದು ನನ್ನ ಅಭಿಪ್ರಾಯ. ಇಂತಹ ಪ್ರಕರಣವನ್ನು ಬರಿಯ ನಿರ್ಲಕ್ಷ್ಯವೆಂದು ಕರೆಯುವುದು ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ.

ಎರಡನೆಯದು ನಷ್ಟಪರಿಹಾರದ ಕಾನೂನು. ೧೯೫೧ರಲ್ಲಿ ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ, ದೋಷ ಹೊರಗೆ ಕಾಣುತ್ತಿರಲಿಲ್ಲವೆಂದು ಅಲ್ಲಿನ ಮುನಿಸಿಪಲ್ ಆಡಳಿತ ವಾದಿಸಿತು. ಗೋಪುರಕ್ಕೆ ಎಂಬತ್ತು ವರ್ಷ, ಅದರ ಗಾರೆಯ ಆಯುಷ್ಯ ನಲವತ್ತು ನಲವತ್ತೈದು ವರ್ಷ. ೧೯೬೬ರಲ್ಲಿ ಸುಭಾಗವಂತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಕಟ್ಟಡ ತಾನಾಗಿ ಬೀಳುವಂಥದ್ದಲ್ಲ. ಬಿದ್ದಿತೆಂಬ ಸಂಗತಿಯೇ ನಿರ್ಲಕ್ಷ್ಯದ ಕತೆ ಹೇಳುತ್ತದೆ, ತಾನು ತಪ್ಪಿಲ್ಲವೆಂದು ತೋರಿಸುವ ಭಾರ ಒಡೆಯನದು ಎಂಬ ತತ್ತ್ವ ಇಲ್ಲಿ ಗಟ್ಟಿಯಾಯಿತು. ಮುಂದೆ ೧೯೯೩ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ಮನೆ ಕಟ್ಟಿಕೊಡುವುದೂ ಒಂದು ಸೇವೆ, ಕೊಂಡವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಅದೇ ನ್ಯಾಯಾಲಯ ಹೇಳಿತು.

ಮೂರನೆಯದು ಎಲ್ಲರ ಬಾಯಲ್ಲಿರುವ 'ರೇರಾ', ಅಂದರೆ ೨೦೧೬ರ ಸ್ಥಿರಾಸ್ತಿ ಕಾಯ್ದೆ. ಮನೆಯ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಾಗಲಿ ಕಾಮಗಾರಿಯಲ್ಲಾಗಲಿ ದೋಷ ಕಂಡುಬಂದರೆ, ಕಟ್ಟಿದ ಸಂಸ್ಥೆ ಮೂವತ್ತು ದಿನಗಳಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂದು ಇದರ ೧೪ನೆಯ ಕಲಮು ವಿಧಿಸುತ್ತದೆ. ಒಳ್ಳೆಯ ಕಾನೂನು. ಆದರೆ ಇದರ ೩ನೆಯ ಕಲಮನ್ನೂ ಓದಬೇಕು. ಜಮೀನು ಐನೂರು ಚದರ ಮೀಟರಿಗೆ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕೆ ಮೀರದಿದ್ದರೆ ಆ ಯೋಜನೆ ನೋಂದಣಿಯಾಗಬೇಕಾಗಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಐನೂರು ಚದರ ಮೀಟರ್ ಎಂದರೆ ಸುಮಾರು ೫೩೮೨ ಚದರ ಅಡಿ. ಮೂವತ್ತು ನಲವತ್ತರ ನಿವೇಶನ ೧೨೦೦ ಚದರ ಅಡಿ, ಅಂದರೆ ಸುಮಾರು ೧೧೧ ಚದರ ಮೀಟರ್. ನಲವತ್ತು ಅರವತ್ತರದು ಸುಮಾರು ೨೨೩. ಐವತ್ತು ಎಂಬತ್ತರ ದೊಡ್ಡ ನಿವೇಶನವೂ ಸುಮಾರು ೩೭೨ ಮಾತ್ರ. ನಾನು ವಾಸಿಸುವ ಈ ಜ್ಞಾನಭಾರತಿಯ ಆಸುಪಾಸಿಗೆ ಈ ಲೆಕ್ಕವನ್ನು ಹಿಡಿದು ನೋಡಿ. ೧೯೭೦ರ ದಶಕದಲ್ಲಿ ವಿಶ್ವವಿದ್ಯಾಲಯ ಇಲ್ಲಿಗೆ ಬಂದಾಗ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳಗಳು ಹೊಲ ತೋಟಗಳ ಹಳ್ಳಿಗಳು. ಆಮೇಲೆ ಬಡಾವಣೆಗಳಾದವು, ೨೦೨೧ರಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂತು. ಓದುವ ಮಕ್ಕಳಿಗೆ, ಕೆಲಸಕ್ಕೆ ಬಂದ ತರುಣರಿಗೆ ಪೇಯಿಂಗ್ ಗೆಸ್ಟ್ ಮನೆಗಳು ಬೇಕಾದವು. ಮೂವತ್ತು ನಲವತ್ತರ ನಿವೇಶನಗಳಲ್ಲಿ ನಾಲ್ಕು, ಐದು ಅಂತಸ್ತುಗಳು ಎದ್ದು ನಿಂತಿವೆ. ಇವುಗಳಲ್ಲಿ ಬಹುತೇಕ ಯಾವುದೂ ರೇರಾ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಬಾಡಿಗೆಗೆಂದೇ ಕಟ್ಟಿದ್ದಾದರೆ ಮಾರಾಟವೇ ಇಲ್ಲದಿರುವುದರಿಂದ ಆ ಕಾಯ್ದೆಗೂ ಅದಕ್ಕೂ ಸಂಬಂಧವೇ ಇಲ್ಲ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕೋಟಿ ಕೊಟ್ಟು ಕೊಂಡವನಿಗೆ ಕಾನೂನಿನ ಕೊಡೆ ಇದೆ; ಎದುರು ಬೀದಿಯ ಐದನೆಯ ಮಹಡಿಯಲ್ಲಿ ಮಂಚವೊಂದನ್ನು ಬಾಡಿಗೆಗೆ ಹಿಡಿದ ವಿದ್ಯಾರ್ಥಿಗೆ ಇಲ್ಲ.

೨೦೨೪ರ ಡಿಸೆಂಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯವು ಉತ್ತರಪ್ರದೇಶದ ಪ್ರಕರಣವೊಂದರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಮಂಜೂರಾದ ನಕ್ಷೆಯನ್ನು ನಿರ್ಮಾಣದ ಸ್ಥಳದಲ್ಲಿ ಪ್ರದರ್ಶಿಸಬೇಕು, ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್ತು ನೀರು ಕೊಡಕೂಡದು, ತಪ್ಪಿದ ಅಧಿಕಾರಿಗಳ ಮೇಲೂ ಕ್ರಮವಾಗಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ವಿದ್ಯುತ್ ಸಂಪರ್ಕ ಸಿಗದೆ ಬೆಂಗಳೂರಿನ ಸಣ್ಣ ಮಾಲೀಕರು ಬಹಳ ಕಷ್ಟಪಟ್ಟರು. ೨೦೨೫ರಲ್ಲಿ ರಾಜ್ಯ ಸರ್ಕಾರ ೧೨೦೦ ಚದರ ಅಡಿಯವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ನೀಡಿತು. ಸರ್ಕಾರದ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಪರಿಣಾಮವನ್ನು ಗಮನಿಸಿ: ಸಣ್ಣ ಕಟ್ಟಡವನ್ನು ರೇರಾ ನೋಡುವುದಿಲ್ಲ, ಕಟ್ಟಿ ಮುಗಿದ ಮೇಲೆ ಬಂದು ನೋಡಿ ಪತ್ರ ಕೊಡುವ ಕ್ರಮವೂ ತಪ್ಪಿತು. ಉಳಿದದ್ದು ಮಾಲೀಕನ ಆತ್ಮಸಾಕ್ಷಿ.

ಇನ್ನು ಕಟ್ಟುವಾಗ ಸಾಯುವ ಕಾರ್ಮಿಕರ ಮಾತು. ಇವರ ಕೈಯಲ್ಲಿ ಯಾವ ಒಪ್ಪಂದವೂ ಇರುವುದಿಲ್ಲ. ಮೇಸ್ತ್ರಿಯ ಹೆಸರು ಗೊತ್ತು, ಮಾಲೀಕನ ಹೆಸರು ಗೊತ್ತಿಲ್ಲ. ಕೆಲಸದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ, ಯಾರ ತಪ್ಪೆಂದು ಕೇಳದೆ, ಉದ್ಯೋಗದಾತ ಪರಿಹಾರ ಕೊಡಬೇಕೆಂಬ ನಿಯಮ ೧೯೨೩ರಷ್ಟು ಹಿಂದೆಯೇ ಬಂದಿತು. ಈಗ ಅದು ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಹಕ್ಕು ಇದ್ದೂ ದೂರದ ಹಳ್ಳಿಯ ವಿಧವೆ ಅದನ್ನು ಪಡೆಯುವ ದಾರಿ ಎಷ್ಟು ದೀರ್ಘವೆಂಬುದನ್ನು ವಕೀಲರಾಗಿರುವ ನನ್ನ ಶಿಷ್ಯರೇ ಬಲ್ಲರು.

ಬೇರೆ ದೇಶದವರು ಏನು ಮಾಡಿದ್ದಾರೆ? ಸುಮಾರು ಮೂರು ಸಾವಿರದ ಏಳುನೂರು ವರ್ಷಗಳ ಹಿಂದೆ ಬಾಬಿಲೋನಿನ ಹಮ್ಮುರಾಬಿಯ ಶಾಸನ, ಮನೆ ಬಿದ್ದು ಒಡೆಯ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂದಿತು. ಅಂತಹ ಕ್ರೌರ್ಯ ನಮಗೆ ಬೇಡ. ಅನುಕರಿಸಬೇಕಾದದ್ದು ಫ್ರಾನ್ಸಿನ ಪದ್ಧತಿ. ಅಲ್ಲಿ ಕಟ್ಟಡದ ಭದ್ರತೆಗೆ ಸಂಬಂಧಿಸಿದ ದೋಷಕ್ಕೆ ಕಟ್ಟಿದವರು ಹತ್ತು ವರ್ಷ ಹೊಣೆ. ೧೯೭೮ರ ಕಾನೂನು ಅದಕ್ಕೆ ವಿಮೆಯನ್ನು ಕಡ್ಡಾಯ ಮಾಡಿತು. ಕಟ್ಟಿಸುವವನೂ ಕೆಲಸ ಆರಂಭಿಸುವ ಮೊದಲೇ ಒಂದು ವಿಮೆ ಮಾಡಿಸಬೇಕು. ದೋಷ ಕಂಡರೆ ಆ ವಿಮೆಯಿಂದ ದುರಸ್ತಿಯ ಹಣ ಮೊದಲು ಬರುತ್ತದೆ. ತಪ್ಪು ಯಾರದೆಂಬ ಜಗಳ ಆಮೇಲೆ ನಡೆಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ತನ್ನ ಹಣ ಹೋಗುವುದೆಂಬ ಭಯವಿರುವ ವಿಮಾ ಕಂಪೆನಿ ಕಂಬಿಯನ್ನೂ ಕಾಂಕ್ರೀಟನ್ನೂ ಪರೀಕ್ಷಿಸದೆ ಬಿಡಲಾರದು. ನಮ್ಮ ರೇರಾದ ೧೬ನೆಯ ಕಲಮಿನಲ್ಲಿಯೂ ವಿಮೆಯ ಮಾತಿದೆ, ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿದಷ್ಟಕ್ಕೆ ಮಾತ್ರ ಅದು ಅನ್ವಯಿಸುತ್ತದೆ.

ಆದ್ದರಿಂದ ನನ್ನ ವಾದವಿಷ್ಟು: ಹೊಣೆಯನ್ನು ಕಟ್ಟಡ ಬಿದ್ದ ಮೇಲೆ ಹುಡುಕುವುದಲ್ಲ, ಏಳುವ ಮೊದಲೇ ಬರೆದಿಡಬೇಕು. ಮಾಲೀಕ, ಗುತ್ತಿಗೆದಾರ, ರಚನೆಯ ಲೆಕ್ಕ ಮಾಡಿದ ಇಂಜಿನಿಯರ್, ಮಂಜೂರು ಮಾಡಿದ ಅಧಿಕಾರಿ, ಈ ನಾಲ್ವರ ಹೆಸರುಗಳೂ ಮಂಜೂರಾದ ಮಹಡಿಗಳ ಸಂಖ್ಯೆಯೂ ನಿರ್ಮಾಣದ ಸ್ಥಳದ ಫಲಕದಲ್ಲಿರಲಿ; ಮುಂದೆ ಖಾತೆಯಲ್ಲಿಯೂ ಕ್ರಯಪತ್ರದಲ್ಲಿಯೂ ಹಾಗೆಯೇ ಮುಂದುವರಿಯಲಿ. ಕಟ್ಟಡ ಮಾರಿದ ಮಾತ್ರಕ್ಕೆ ಕಟ್ಟಿದವನ ಹೊಣೆ ಮುಗಿಯದಿರಲಿ. ಮಾರಲು ಅಥವಾ ಬಾಡಿಗೆಗೆ ಕೊಡಲು ಕಟ್ಟುವ ಪ್ರತಿಯೊಂದು ಬಹುಮಹಡಿ ಕಟ್ಟಡಕ್ಕೂ, ನಿವೇಶನ ಎಷ್ಟೇ ಚಿಕ್ಕದಿರಲಿ, ಹತ್ತು ವರ್ಷದ ವಿಮೆ ಕಡ್ಡಾಯವಾಗಲಿ. ಅದರಲ್ಲಿ ಕಾರ್ಮಿಕರೂ ಬಾಡಿಗೆದಾರರೂ ನೆರೆಮನೆಯವರೂ ಸೇರಲಿ. ನೋಟಿಸು ಕೊಟ್ಟು ಸುಮ್ಮನಾದ ಅಧಿಕಾರಿಯ ಮೌನವೂ ಹೊಣೆಯೊಳಗೆ ಬರಲಿ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. 'ಹೊಸ ನಿಯಮವೆಂದರೆ ಹೊಸ ಲಂಚ. ಬಡ ಮಾಲೀಕನೇ ಸಾಯುತ್ತಾನೆ' ಎನ್ನುವರು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಕಚೇರಿಗಳನ್ನು ಅಲೆದವರಿಗೆ ಅದರ ಅನುಭವವಿದೆ. ಆದರೆ ಲಂಚದ ಭಯಕ್ಕೆ ಪರಿಹಾರ ಯಾರೂ ನೋಡದೆ ಬಿಡುವುದಲ್ಲ, ಎಲ್ಲರೂ ನೋಡುವಂತೆ ಮಾಡುವುದು. ಫಲಕದ ಮೇಲೆ 'ಮೂರು ಮಹಡಿ' ಎಂದು ಬರೆದಿದ್ದರೆ ನಾಲ್ಕನೆಯದು ಏಳುವಾಗ ಬೀದಿಯ ಮಗುವೂ ಎಣಿಸಬಲ್ಲದು. ವಿಮೆಯ ಖರ್ಚನ್ನು ಕುರಿತು ಹೇಳುವುದಾದರೆ, ಸಾಲ ಮಾಡಿ ಇಟಾಲಿಯನ್ ಅಮೃತಶಿಲೆ ಹಾಸುವವರು ಅದರ ಕೆಳಗಿನ ಅಡಿಪಾಯಕ್ಕೆ ಮಣ್ಣಿನ ಪರೀಕ್ಷೆ ಮಾಡಿಸಲು ಹಣವಿಲ್ಲವೆಂದರೆ ನಾನು ಒಪ್ಪಲಾರೆ.

ನನ್ನ ಬಂಧುಗಳಿಗೆ ಒಂದು ಮಾತು. ಎರಡು ಮಹಡಿಗೆಂದು ಹಾಕಿದ ಅಡಿಪಾಯದ ಮೇಲೆ ಮೂರನೆಯದನ್ನು ಬಾಡಿಗೆಗಾಗಿ ಏರಿಸುವ ಯೋಚನೆಯಿದ್ದರೆ, ನನ್ನ ಕಣ್ಣಿನಲ್ಲಿ ನೀವೇ 'ಡೆವಲಪರ್'. ಆ ಪದ ಪತ್ರಿಕೆಯಲ್ಲಿ ಬರುವ ದೊಡ್ಡ ಕಂಪೆನಿಗಳಿಗೆ ಮಾತ್ರ ಮೀಸಲಲ್ಲ. ಮೊದಲು ರಚನಾ ಇಂಜಿನಿಯರೊಬ್ಬರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ ಕೇಳಿದ ನನ್ನ ವಿದ್ಯಾರ್ಥಿಗೆ ಉತ್ತರ ಹೀಗಿದೆ. ನೀನು ಸಹಿ ಹಾಕಿದ್ದು ಮೂರು ಮಹಡಿಗೆ. ನಾಲ್ಕನೆಯದು ಏಳುತ್ತಿದೆಯೆಂದು ತಿಳಿದ ದಿನವೇ ಮಾಲೀಕನಿಗೂ ಪಾಲಿಕೆಗೂ ಲಿಖಿತವಾಗಿ ತಿಳಿಸು, ಮೇಲ್ವಿಚಾರಣೆಯಿಂದ ಹೊರಗೆ ಬಾ, ಆ ಪತ್ರದ ಪ್ರತಿಯನ್ನು ಇಟ್ಟುಕೋ. ಕೆಲಸ ಹೋಗಬಹುದು, ಮುಂದೆ ಆ ಬೀದಿಯಲ್ಲಿ ಯಾರೂ ನಿನ್ನನ್ನು ಕರೆಯದಿರಲೂಬಹುದು. ಆದರೂ ಆ ಪತ್ರ ಬರೆ. ಅದು ನಿನ್ನ ರಕ್ಷಣೆಗೆ ಮಾತ್ರವಲ್ಲ. ಅದನ್ನು ಓದಿ ಯಾರಾದರೊಬ್ಬರು ಕೆಲಸ ನಿಲ್ಲಿಸಿದರೆ, ಆ ತಾರಸಿಯ ಕೆಳಗೆ ಮಲಗಲಿದ್ದವರು ಬದುಕುತ್ತಾರೆ.