ಕಾಲಿಗೆ ಮಾತ್ರೆ ಬರೆಯೋ ಮುಂಚೆ ಕಬ್ಬಿಣ ನೋಡ್ರೀ!

ಭಾನುವಾರ ಅಬಿಡ್ಸ್ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹರಡಿಕೊಂಡು ಕೂರ್ತಾರಲ್ಲ, ಹೈದರಾಬಾದಿನ ಕನ್ನಡಿಗರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಕೋಠಿಯಲ್ಲೇ ಉಸ್ಮಾನಿಯಾ ಮೆಡಿಕಲ್ ಕಾಲೇಜು, ಹಾಗಾಗಿ ದಪ್ಪ ದಪ್ಪ ವೈದ್ಯಕೀಯ ಪುಸ್ತಕಗಳೂ ಅಲ್ಲಿ ಬೀಳ್ತಿರುತ್ತವೆ. ಹತ್ತು ಹದಿನೈದು ವರ್ಷ ಹಳೆಯದೊಂದು ತೆಗೆದು 'ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್' ಪುಟ ನೋಡಿ. ಮೊದಲ ಮದ್ದು ರೋಪಿನಿರೋಲ್ ಅಥವಾ ಪ್ರಾಮಿಪೆಕ್ಸೋಲ್ ಅಂತಾನೇ ಇರುತ್ತೆ. ಹಳೆ ಪುಸ್ತಕ ಓದೋದು ಚೆಂದವೇ. ಆದರೆ ಇವತ್ತಿನ ಚೀಟಿಯನ್ನೂ ಅದೇ ಪುಟ ನೋಡಿ ಬರೆದರೆ? ನನ್ನ ಜಗಳ ಇರೋದು ಅಲ್ಲೇ.

ಈ ಕಾಯಿಲೆ ಇಲ್ಲದವರಿಗೆ ಒಂದೆರಡು ಮಾತು. ರಾತ್ರಿ ಮಲಗಿದ ತಕ್ಷಣ ಮೀನಖಂಡದೊಳಗೆ ಏನೋ ಹರಿದಾಡಿದಂತೆ, ಸೆಳೆದಂತೆ ಆಗುತ್ತೆ. ಕಾಲು ಆಡಿಸದೆ ಇರೋಕಾಗಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸರಿಹೋಗುತ್ತೆ, ಮಲಗಿದರೆ ಮತ್ತೆ ಶುರು. ಇದು ನೋವಲ್ಲ, ಸಂಧಿವಾತವೂ ಅಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 17ನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದ್ದ. ಸ್ವೀಡನ್ನಿನ ಎಕ್‌ಬೋಮ್ 1940ರ ದಶಕದಲ್ಲಿ ಇದಕ್ಕೆ ಹೆಸರು ಕೊಟ್ಟ. ನಮ್ಮಲ್ಲಿ ಮಾತ್ರ ಇನ್ನೂ 'ಕಾಲು ಅಲ್ಲಾಡಿಸಬ್ಯಾಡೋ, ಮನೀಗೆ ದರಿದ್ರ' ಅನ್ನೋ ಬೈಗುಳವೇ ಇದರ ಹೆಸರು!

ಹೆಸರಿಲ್ಲದ್ದಕ್ಕೆ ಪರವೂರಿನಲ್ಲಿ ಇನ್ನೊಂದು ಕಷ್ಟ. ರಾಯಚೂರು ಕಡೆ ನಾವು 'ಕಾಲು ಸೆಳೀತಾವ್ರೀ' ಅಂತೀವಿ. ಇಲ್ಲಿ ತೆಲುಗಿನಲ್ಲಿ 'ಕಾಳ್ಳು ಲಾಗುತುನ್ನಾಯಂಡಿ' ಅನ್ನಬೇಕು. ಡಾಕ್ಟರ್ ಕಿವಿಗೆ ಎರಡೂ 'ಕಾಲು ನೋವು' ಅಂತ ಬೀಳುತ್ತೆ. ಒಂದು ನೋವಿನ ಮಾತ್ರೆ, ಒಂದು ಬಿ-ಕಾಂಪ್ಲೆಕ್ಸ್, ಜಾಸ್ತಿ ಗೋಗರೆದರೆ ಒಂದು ನಿದ್ದೆ ಮಾತ್ರೆ. ಅದಕ್ಕೇ ಹೇಳ್ತೀನಿ, ನೋವು ಅನ್ನೋ ಶಬ್ದವನ್ನೇ ಬಳಸಬೇಡಿ. 'ರಾತ್ರಿ ಮಾತ್ರ ಬರುತ್ತೆ, ಸುಮ್ಮನೆ ಕೂತರೆ ಜಾಸ್ತಿ, ನಡೆದರೆ ಕಡಿಮೆ' ಅಂತ ಹೇಳಿ. ಯಾವ ಭಾಷೆಯಲ್ಲಾದರೂ ಈ ಮೂರು ಮಾತು ಸಾಕು.

ಸರಿ, ಮಾತ್ರೆಯ ವಿಷಯಕ್ಕೆ ಬರೋಣ. ರೋಪಿನಿರೋಲ್, ಪ್ರಾಮಿಪೆಕ್ಸೋಲ್ ಎರಡೂ ಮೂಲತಃ ಪಾರ್ಕಿನ್ಸನ್ ಕಾಯಿಲೆಯ ಮದ್ದು. ಮಿದುಳಿನಲ್ಲಿ ಡೋಪಮಿನ್ ಮಾಡೋ ಕೆಲಸವನ್ನ ಇವು ಅನುಕರಿಸುತ್ತವೆ. ಅಮೆರಿಕದ ಎಫ್‌ಡಿಎ ಕಾಲಿನ ಈ ಕಾಯಿಲೆಗೆ ರೋಪಿನಿರೋಲ್ ಒಪ್ಪಿದ್ದು 2005ರಲ್ಲಿ, ಪ್ರಾಮಿಪೆಕ್ಸೋಲ್ 2006ರಲ್ಲಿ. ಆಗ ಅಲ್ಲಿ ಜಾಹೀರಾತಿನ ಭರಾಟೆ ಎಷ್ಟಿತ್ತೆಂದರೆ, ಕಂಪನಿಗಳು ಮಾಧ್ಯಮ ಹಿಡಿದು ಕಾಯಿಲೆಯನ್ನೇ ದೊಡ್ಡದು ಮಾಡ್ತಿವೆ ಅಂತ ವೊಲೊಶಿನ್, ಶ್ವಾರ್ಟ್ಜ್ ಅನ್ನೋ ಇಬ್ಬರು ವೈದ್ಯರು 2006ರಲ್ಲಿ ಬರೆದರು. ಒಂದು ಕಡೆ 'ಇದು ಕಾಯಿಲೆಯೇ ಅಲ್ಲ' ಅನ್ನೋರು, ಇನ್ನೊಂದು ಕಡೆ 'ಮೊದಲ ದಿನವೇ ಮಾತ್ರೆ ನುಂಗು' ಅನ್ನೋರು. ನಿದ್ದೆಗೆಟ್ಟು ವರಾಂಡದಲ್ಲಿ ತಿರುಗೋನ ಮಾತು ಕೇಳೋರು ಮಾತ್ರ ಯಾರೂ ಇಲ್ಲ.

ನನಗೆ 2013ರಲ್ಲಿ ಇಲ್ಲಿಯ ಒಬ್ಬ ಡಾಕ್ಟರ್ (ಹೆಸರು ಬೇಡ ಬಿಡಿ) ಪ್ರಾಮಿಪೆಕ್ಸೋಲ್ ಬರೆದರು, 0.125 ಮಿಲಿಗ್ರಾಂ. ಮೊದಲ ವಾರ ದೇವರೇ ಪ್ರತ್ಯಕ್ಷ! ಎರಡು ವರ್ಷ ಕಳೆಯೋ ಹೊತ್ತಿಗೆ ರಾತ್ರಿ ಹತ್ತಕ್ಕೆ ಬರೋದು ಸಂಜೆ ಐದಕ್ಕೇ ಬರೋಕೆ ಶುರುವಾಯ್ತು. ಆಮೇಲೆ ಕೈಗೂ ಹತ್ತಿತು. ಹೇಳಿದಾಗಲೆಲ್ಲ 'ಕಾಯಿಲೆ ಬೆಳೀತಿದೆ' ಅಂತ ಡೋಸ್ ಏರಿಸಿದರು. ಆರು ವರ್ಷದಲ್ಲಿ ಅದು 1 ಮಿಲಿಗ್ರಾಂ ತಲುಪಿತ್ತು.

ಬೆಳೀತಿದ್ದದ್ದು ಕಾಯಿಲೆ ಅಲ್ಲ ಸ್ವಾಮಿ, ಮಾತ್ರೆಯೇ ಅದನ್ನ ಬೆಳೆಸ್ತಿತ್ತು. ಇದಕ್ಕೆ 'ಆಗ್ಮೆಂಟೇಶನ್' ಅಂತಾರೆ. ಅಮೆರಿಕದ ಅಲೆನ್ ಮತ್ತು ಅರ್ಲಿ 1996ರಲ್ಲೇ ಇದನ್ನ ವರ್ಣಿಸಿದ್ದರು. ಈ ಗುಂಪಿನ ಮಾತ್ರೆ ತೊಗೊಳ್ಳೋರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಏಳೆಂಟು ಮಂದಿಗೆ ಇದು ಬರುತ್ತೆ, ಅಂದರೆ ವರ್ಷ ಕಳೆದಂತೆ ಲೆಕ್ಕ ಏರ್ತಾನೇ ಹೋಗುತ್ತೆ. ಡೋಸ್ ಏರಿಸೋದು ಉರಿಯೋ ಬೆಂಕಿಗೆ ತುಪ್ಪ ಸುರಿದಂತೆ. ಸಾಲದ್ದಕ್ಕೆ ಕೆಲವರಿಗೆ ಜೂಜು, ಮಿತಿಮೀರಿದ ಖರೀದಿಯಂಥ ಚಟ ಹತ್ತುತ್ತೆ. ಚೀಟಿ ಬರೆಯುವಾಗ ನನಗೆ ಇದ್ಯಾವುದನ್ನೂ ಯಾರೂ ಹೇಳಲಿಲ್ಲ.

ಈಗ ನಿಯಮವೇ ಬದಲಾಗಿದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿ ರೋಪಿನಿರೋಲ್, ಪ್ರಾಮಿಪೆಕ್ಸೋಲ್, ಲೆವೊಡೋಪಾ ಮೂರನ್ನೂ ವಾಡಿಕೆಯಾಗಿ ಕೊಡಬೇಡಿ ಅನ್ನುತ್ತೆ. ಕ್ಲೋನಜೆಪಾಮ್‌ಗೂ ಅದೇ ಮಾತು. ಗಾಬಾಪೆಂಟಿನ್, ಪ್ರೆಗಾಬಾಲಿನ್ ಕೊಡಿ ಅನ್ನುತ್ತೆ. ಅದಕ್ಕಿಂತ ಮೊದಲು ಕಬ್ಬಿಣ ನೋಡಿ ಅನ್ನುತ್ತೆ.

ಯಾಕೆ ಕಬ್ಬಿಣ? ಡೋಪಮಿನ್ ತಯಾರಾಗೋಕೆ ಮಿದುಳಿಗೆ ಕಬ್ಬಿಣ ಬೇಕು. ಹಿಮೋಗ್ಲೋಬಿನ್ ಸರಿಯಾಗೇ ಇದ್ದರೂ ಮಿದುಳಿಗೆ ಕಬ್ಬಿಣ ಸಾಲದೆ ಇರಬಹುದು. ಆದ್ದರಿಂದ ಫೆರಿಟಿನ್ ಪರೀಕ್ಷೆ ಬೇಕು, ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ಇಲ್ಲೇ ಇನ್ನೊಂದು ಮೋಸ ನೋಡಿ. ನನ್ನ ಫೆರಿಟಿನ್ 31 ಬಂದಾಗ ಲ್ಯಾಬ್ ಕಾಗದದಲ್ಲಿ 'ನಾರ್ಮಲ್' ಅಂತಿತ್ತು, ಯಾಕೆಂದರೆ ಅವರ ಮಿತಿ ಶುರುವಾಗೋದೇ 30ಕ್ಕೆ. ಹೆಂಗಸರಿಗೆ ಎಷ್ಟೋ ಲ್ಯಾಬ್‌ಗಳಲ್ಲಿ 13 ಇದ್ದರೂ ನಾರ್ಮಲ್! ಆದರೆ ಈ ಕಾಯಿಲೆಯ ದೊಡ್ಡವರಿಗೆ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಸ್ಯಾಚುರೇಶನ್ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ, ಕಬ್ಬಿಣ ಕೊಡಬೇಕು ಅಂತ ಮಾರ್ಗಸೂಚಿ. 75ರಿಂದ 100ರ ಒಳಗಿದ್ದರೆ ಮಾತ್ರೆ ಅಲ್ಲ, ರಕ್ತನಾಳದ ಮೂಲಕ. 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ದೇಶ ನಮ್ಮದು. ಇಲ್ಲಿ ಫೆರಿಟಿನ್ ನೋಡದೆ ಡೋಪಮಿನ್ ಮಾತ್ರೆ ಬರೆಯೋದನ್ನ ಏನಂತ ಕರೀಬೇಕು, ನೀವೇ ಹೇಳಿ.

ಇನ್ನು ಔಷಧಿ ಅಂಗಡಿ. ನೆಗಡಿ ಮಾತ್ರೆಯೊಳಗಿನ ನಿದ್ದೆ ಬರಿಸೋ ಆಂಟಿಹಿಸ್ಟಮಿನ್, ವಾಂತಿಗೆ ಕೊಡೋ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡೋ ಎಷ್ಟೋ ಮಾತ್ರೆಗಳು ಈ ಕಾಲಿನ ಕಾಟವನ್ನ ಹೆಚ್ಚಿಸುತ್ತವೆ. 'ಕಾಲು ಜುಮ್ ಅನ್ನುತ್ತೆ, ನಿದ್ದೆಯಿಲ್ಲ' ಅಂದವರಿಗೆ ಅಮಿಟ್ರಿಪ್ಟಿಲಿನ್ ಬರೆದು ಕಳಿಸೋದನ್ನ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ನುಂಗೋ ಎಲ್ಲ ಮಾತ್ರೆಗಳ ಪಟ್ಟಿ ಡಾಕ್ಟರ್ ಮುಂದಿಡಿ.

'ಗಾಬಾಪೆಂಟಿನ್ ಏನು ಅಮೃತವಾ?' ಅಂತ ಕೇಳೋರಿದ್ದಾರೆ. ಅಲ್ಲ. ತಲೆ ಸುತ್ತು, ಮಂಪರು, ತೂಕ ಏರೋದು ಇದೆ. ವಯಸ್ಸಾದವರು ಬೀಳಬಹುದು, ಕಿಡ್ನಿ ತೊಂದರೆ ಇದ್ದರೆ ಡೋಸ್ ಇಳಿಸಬೇಕು, ಉಸಿರಾಟದ ತೊಂದರೆ ಇದ್ದರೆ ಜಾಗ್ರತೆ ಬೇಕು. ಆದರೆ ಕಾಯಿಲೆಯನ್ನೇ ಬೆಳೆಸೋ ಆ ಗುಣ ಇದಕ್ಕಿಲ್ಲ. 'ಡಾಕ್ಟರಿಗೆ ಟೈಮ್ ಎಲ್ಲಿದೆ?' ಅನ್ನೋದು ಇನ್ನೊಂದು ವಾದ. ಫೆರಿಟಿನ್ ಅಂತ ಬರೆಯೋಕೆ ಪ್ರಾಮಿಪೆಕ್ಸೋಲ್ ಅಂತ ಬರೆಯೋದಕ್ಕಿಂತ ಕಡಿಮೆ ಟೈಮ್ ಸಾಕು!

ಎರಡು ಎಚ್ಚರಿಕೆ. ಈ ಮಾತ್ರೆ ಈಗಾಗಲೇ ತೊಗೊಳ್ತಿರೋರು ಇದನ್ನ ಓದಿ ಇವತ್ತೇ ನಿಲ್ಲಿಸಬೇಡಿ, ನರಕ ಕಾಣ್ತೀರಿ. ಡಾಕ್ಟರ್ ಜೊತೆ ಕೂತು ಸ್ವಲ್ಪ ಸ್ವಲ್ಪವೇ ಇಳಿಸಬೇಕು, ನನಗೆ ಎಂಟು ತಿಂಗಳು ಹಿಡಿಯಿತು. ಪಾರ್ಕಿನ್ಸನ್ ಇರೋರ ಲೆಕ್ಕವೇ ಬೇರೆ, ಅವರಿಗೆ ಈ ಮಾತು ಅನ್ವಯಿಸಲ್ಲ. ಎರಡನೇದು, ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ನುಂಗಬೇಡಿ, ಅತಿಯಾದರೆ ಅದೂ ವಿಷವೇ. ಕಬ್ಬಿಣ ಇಳಿದಿದ್ದರೆ ಯಾಕೆ ಇಳಿದಿದೆ, ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರ್ತಿದೆಯಾ ಅಂತಾನೂ ನೋಡಿಸಿ. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನ ದಯವಿಟ್ಟು ಇರಾನಿ ಚಹಾದ ಜೊತೆ ನುಂಗಬೇಡಿ, ಚಹಾ ಕಬ್ಬಿಣವನ್ನ ಮೈಗೆ ಹತ್ತಗೊಡಲ್ಲ.

ಮುಂದಿನ ಸಲ ಡಾಕ್ಟರ್ ಪೆನ್ನು ತೆಗೆದಾಗ ಮೂರು ಪ್ರಶ್ನೆ ಕೇಳಿ: ನನ್ನ ಫೆರಿಟಿನ್ ಎಷ್ಟು? ನಾನು ಈಗ ನುಂಗ್ತಿರೋ ಯಾವ ಮಾತ್ರೆ ಇದನ್ನ ಹೆಚ್ಚಿಸ್ತಿದೆ? ನೀವು ಬರೀತಿರೋದು ಐದು ವರ್ಷ ಆದಮೇಲೆ ನನ್ನ ಕಾಲನ್ನ ಏನು ಮಾಡುತ್ತೆ? ಕೇಳಿದ್ದಕ್ಕೆ ಸಿಡುಕಿದರೆ ಎದ್ದು ಬನ್ನಿ, ಈ ಊರಲ್ಲಿ ಡಾಕ್ಟರಿಗೆ ಬರವಿಲ್ಲ.